ಪ್ರೆಷರ್ ವೆಸೆಲ್ ಮತ್ತು ಟ್ಯಾಂಕ್ ತಪಾಸಣೆ: ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್‌ಗೆ ಹಂತ ಹಂತದ ಮಾರ್ಗದರ್ಶಿ

ನಾನು ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಒಂದು ಪ್ರೆಷರ್ ವೆಸೆಲ್‌ನ (ಒತ್ತಡದಲ್ಲಿ ದ್ರವ ಅಥವಾ ಅನಿಲ ಹಿಡಿದಿಡುವ ಪಾತ್ರೆ) ಶೆಲ್, ಅಂದರೆ ಮುಖ್ಯ ಗೋಡೆಯ ದಪ್ಪ ಅಳೆದು 12.9 ಮಿ.ಮೀ. ಎಂದು ಬರೆದುಕೊಂಡು ಬಂದೆ. ನಾಲ್ಕು ವರ್ಷದ ಹಿಂದಿನ ದಾಖಲೆಯಲ್ಲಿ ಅದೇ ಜಾಗದ ಅಳತೆ 12.6 ಇತ್ತು. ಹಿರಿಯ ಇನ್‌ಸ್ಪೆಕ್ಟರ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, "ನೋಡಪ್ಪಾ, ಬಳಸಿದ ಕಬ್ಬಿಣ ಸವೆಯುತ್ತೆ, ಬೆಳೆಯೋದಿಲ್ಲ. ಹಾಗಾದ್ರೆ ಇಲ್ಲಿ ಬೆಳೆದಿರೋದು ಏನು?" ಅಂದರು. "ಗೊತ್ತಾಗಲಿಲ್ಲ ಸಾರ್" ಅಂದೆ. ಇಬ್ಬರೂ ಮತ್ತೆ ಹೋದೆವು. ಅಂಗೈಯಗಲದ ಜಾಗದಲ್ಲಿ ಬಣ್ಣ ಕೆರೆದು ಅಳೆದಾಗ ಬಂದದ್ದು 12.2. ಬೆಳೆದಿದ್ದು ಬಣ್ಣ. ಅದರ ಕೆಳಗೆ ಲೋಹ 0.4 ಮಿ.ಮೀ. ಸವೆದಿತ್ತು, ಅದು ನನ್ನ ಹಾಳೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಈ ಕೆಲಸ ಏನೆಂದು ನನಗೆ ಅರ್ಥವಾದದ್ದು ಆ ದಿನ. ಬಿರುಕು ಹುಡುಕುವುದು, ತುಕ್ಕು ತೋರಿಸುವುದು ಅದರ ಒಂದು ಭಾಗ ಮಾತ್ರ. ಒಂದೇ ಜಾಗಕ್ಕೆ ವರ್ಷಗಳ ನಂತರ ಮರಳಿ ಹೋಗಿ, ಅದೇ ರೀತಿಯಲ್ಲಿ ಅಳೆದು, ನಿನ್ನೆಯ ಅಂಕಿಯನ್ನೂ ಇವತ್ತಿನ ಅಂಕಿಯನ್ನೂ ಹೋಲಿಸಿ ನಾಳೆಯ ಬಗ್ಗೆ ಹೇಳುವುದು ನಿಜವಾದ ಕೆಲಸ. ಕೆಳಗಿನ ಹೆಜ್ಜೆಗಳನ್ನು ಅದೇ ದೃಷ್ಟಿಯಿಂದ ಓದಿ.

ಹೆಜ್ಜೆ 1: ಹೆಲ್ಮೆಟ್ ಹಾಕುವ ಮೊದಲು ಕಡತ ತೆರೆಯಿರಿ

ಪ್ರತಿ ವೆಸೆಲ್‌ಗೂ ಒಂದು ಕಡತ ಇರಬೇಕು. ಅದರಲ್ಲಿ ತಯಾರಕರ ಡೇಟಾ ರಿಪೋರ್ಟ್, ಡ್ರಾಯಿಂಗ್, ಹಿಂದಿನ ತಪಾಸಣಾ ವರದಿಗಳು, ರಿಪೇರಿ ದಾಖಲೆಗಳು, ಸೇಫ್ಟಿ ವಾಲ್ವ್ ಟೆಸ್ಟ್ ಸರ್ಟಿಫಿಕೇಟ್‌ಗಳು ಇರಬೇಕು. ಮೊದಲು ನೇಮ್‌ಪ್ಲೇಟ್ ವಿವರ ಬರೆದುಕೊಳ್ಳಿ: ಸೀರಿಯಲ್ ನಂಬರ್, ತಯಾರಾದ ವರ್ಷ, ಅನುಮತಿಸಿದ ಗರಿಷ್ಠ ಕೆಲಸದ ಒತ್ತಡ, ಗರಿಷ್ಠ ತಾಪಮಾನ, ಲೋಹದ ಕನಿಷ್ಠ ವಿನ್ಯಾಸ ತಾಪಮಾನ, ವೆಲ್ಡ್‌ಗಳ ರೇಡಿಯೋಗ್ರಫಿ (ಎಕ್ಸ್‌ರೇ ತಪಾಸಣೆ) ಎಷ್ಟು ಆಗಿದೆ ಎಂಬ ಗುರುತು. ಸ್ಥಳಕ್ಕೆ ಹೋದಾಗ ಪ್ಲೇಟ್ ಮತ್ತು ಕಡತ ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದಿದ್ದರೆ ಮುಂದಿನ ಲೆಕ್ಕವೆಲ್ಲ ಬೇರೆ ಯಾವುದೋ ವೆಸೆಲ್‌ನದ್ದಾಗುತ್ತದೆ.

ಯಾವ ನಿಯಮ ಅನ್ವಯಿಸುತ್ತದೆ ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ಹಲವು ದೇಶಗಳಲ್ಲಿ ವೆಸೆಲ್ ಕಟ್ಟಲು ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ) ಕೋಡ್‌ನ ಸೆಕ್ಷನ್ 8 ಬಳಸುತ್ತಾರೆ. ಬಳಕೆಯಲ್ಲಿರುವ ವೆಸೆಲ್ ತಪಾಸಣೆಗೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) 510, ನೆಲದ ಮೇಲಿನ ದೊಡ್ಡ ಸಂಗ್ರಹ ಟ್ಯಾಂಕ್ ಕಟ್ಟಲು ಎಪಿಐ 650, ಅದರ ತಪಾಸಣೆಗೆ ಎಪಿಐ 653 ಇವೆ. ನಿಮ್ಮಲ್ಲಿ ಕಾನೂನು ಬೇರೆ ಕೋಡ್ ಹೇಳಿದ್ದರೆ ಅದೇ ಮೊದಲು. ಕೋಡ್ ಇಡೀ ಬಾಯಿಪಾಠ ಬೇಡ. ನೀವು ಬಳಸುವ ಹತ್ತಿಪ್ಪತ್ತು ಪುಟಗಳು ಎಲ್ಲಿವೆ ಎಂದು ಕಣ್ಣುಮುಚ್ಚಿ ಹೇಳುವಷ್ಟು ರೂಢಿಯಾದರೆ ಸಾಕು.

ಕೊನೆಯದಾಗಿ ಪ್ರೊಸೆಸ್‌ನವರ ಹತ್ತಿರ ಕೂತು ಒಂದು ಪ್ರಶ್ನೆ ಕೇಳಿ: ಹಿಂದಿನ ತಪಾಸಣೆಯ ನಂತರ ಏನು ಬದಲಾಗಿದೆ? ಕಚ್ಚಾ ವಸ್ತು, ತಾಪಮಾನ, ಹರಿವಿನ ವೇಗ, ತೊಳೆಯಲು ಬಳಸುವ ನೀರು ಇವುಗಳಲ್ಲಿ ಒಂದು ಬದಲಾದರೂ ಹಳೆಯ ಸವೆತದ ವೇಗವನ್ನು ನಂಬುವ ಹಾಗಿಲ್ಲ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ 28 ಜನರನ್ನು ಬಲಿ ತೆಗೆದುಕೊಂಡ ಸ್ಫೋಟದ ಸರಣಿ ಶುರುವಾದದ್ದು ಐದನೇ ರಿಯಾಕ್ಟರ್‌ನ ಗೋಡೆಯಲ್ಲಿ ಬಂದ ಉದ್ದನೆಯ ಬಿರುಕಿನಿಂದ. ಸೋರಿಕೆಯೊಂದನ್ನು ತಣಿಸಲು ಹೊರಗಿನಿಂದ ಸುರಿದ ನೀರಿನಲ್ಲಿದ್ದ ನೈಟ್ರೇಟ್ ಆ ಬಿರುಕಿಗೆ ಕಾರಣವಾಗಿತ್ತು. ಬಿರುಕುಬಿಟ್ಟ ರಿಯಾಕ್ಟರ್ ತೆಗೆದು ಅದರ ಜಾಗಕ್ಕೆ ತಾತ್ಕಾಲಿಕ ಬೈಪಾಸ್ ಪೈಪ್ ಕೂರಿಸಿದರು, ಅದು ಒಡೆಯಿತು. ಯಾರೋ ಒಳ್ಳೆಯ ಉದ್ದೇಶದಿಂದ ಹಿಡಿದ ನೀರಿನ ಪೈಪ್ ಕೂಡ ತಪಾಸಕನ ಕಡತದಲ್ಲಿ ಇರಬೇಕಾದ ಸಂಗತಿ.

ಹೆಜ್ಜೆ 2: ಹೊರಗಿನಿಂದ ಒಂದು ಸುತ್ತು

ವೆಸೆಲ್ ಓಡುತ್ತಿರುವಾಗಲೇ ಮಾಡುವ ತಪಾಸಣೆ ಇದು. ಎಪಿಐ 510 ಪ್ರಕಾರ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆಯಾದರೂ ಆಗಬೇಕು. ಕೆಳಗಿನಿಂದ ಮೇಲಕ್ಕೆ ಹೋಗುವುದು ನನ್ನ ರೂಢಿ. ಮೊದಲು ಫೌಂಡೇಷನ್, ಆಂಕರ್ ಬೋಲ್ಟ್, ಸ್ಯಾಡಲ್ (ಅಡ್ಡ ವೆಸೆಲ್ ಕೂರುವ ಆಸರೆ) ಅಥವಾ ಸ್ಕರ್ಟ್ (ನಿಂತ ವೆಸೆಲ್ ಹೊರುವ ಬುಡದ ಉಂಗುರ). ಅಡ್ಡ ಮಲಗಿದ ವೆಸೆಲ್‌ನಲ್ಲಿ ಒಂದು ಸ್ಯಾಡಲ್ ಜಾರುವಂತಿರುತ್ತದೆ, ಬಿಸಿಯಾದಾಗ ವೆಸೆಲ್ ಉದ್ದವಾಗಲು. ಆ ಬೋಲ್ಟ್ ಬಿಗಿದು ತುಕ್ಕು ಹಿಡಿದು ಕೂತಿದ್ದರೆ ಹಿಗ್ಗುವ ಬಲವೆಲ್ಲ ಶೆಲ್ ಮತ್ತು ನಾಜಲ್‌ಗಳ (ಪೈಪ್ ಸೇರುವ ಬಾಯಿಗಳ) ಮೇಲೆ ಬೀಳುತ್ತದೆ. ಆಮೇಲೆ ಅರ್ತಿಂಗ್, ಏಣಿ, ಪ್ಲಾಟ್‌ಫಾರ್ಮ್, ಫ್ಲೇಂಜ್‌ಗಳು (ಬೋಲ್ಟ್ ಹಾಕಿ ಜೋಡಿಸುವ ಅಂಚುಗಳು). ಪ್ರತಿ ಸ್ಟಡ್‌ನ (ಎರಡೂ ತುದಿಗೆ ನಟ್ ಬೀಳುವ ಬೋಲ್ಟ್) ತುದಿ ನಟ್ ಪೂರ್ತಿ ದಾಟಿ ಹೊರಗೆ ಬಂದಿದೆಯೇ ನೋಡಿ.

ನಾಜಲ್ ಸುತ್ತ ಬೆಸೆದ ಪ್ಯಾಡ್ ಪ್ಲೇಟ್‌ನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಹೊಸಬರು ಅದನ್ನು ದಾಟಿ ಹೋಗಿಬಿಡುತ್ತಾರೆ. ಪ್ಯಾಡ್ ಕೆಳಗಿನ ವೆಲ್ಡ್ ಸೋರಿದರೆ ಮೊದಲು ಸುದ್ದಿ ಹೇಳುವುದು ಆ ತೂತು. ಅಲ್ಲಿ ಒದ್ದೆ, ಕಲೆ, ವಾಸನೆ ಏನೇ ಇದ್ದರೂ ತಕ್ಷಣ ತಿಳಿಸಿ. ನೀರು ಹೋಗದಿರಲಿ ಎಂದು ಗ್ರೀಸ್ ತುಂಬಿದ್ದರೆ ತೊಂದರೆ ಇಲ್ಲ. ಯಾರಾದರೂ ವೆಲ್ಡ್ ಮಾಡಿ ಮುಚ್ಚಿದ್ದರೆ ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಇನ್ಸುಲೇಷನ್ ಇರುವ ವೆಸೆಲ್‌ಗಳಲ್ಲಿ ಅಪಾಯ ತಗಡಿನ ಹಿಂದೆ ಅಡಗಿರುತ್ತದೆ. ಕಾರ್ಬನ್ ಸ್ಟೀಲ್‌ಗೆ ಸುಮಾರು ಮೈನಸ್ 12ರಿಂದ 175 ಡಿಗ್ರಿ ಸೆಲ್ಸಿಯಸ್ ನಡುವೆ ಇನ್ಸುಲೇಷನ್ ಒಳಗಿನ ತುಕ್ಕಿನ ಭಯ. ಸ್ಟೇನ್‌ಲೆಸ್ ಸ್ಟೀಲ್‌ಗೆ ಸುಮಾರು 60ರಿಂದ 175 ಡಿಗ್ರಿ ನಡುವೆ ಕ್ಲೋರೈಡ್ ಬಿರುಕಿನ ಭಯ. ಮಳೆನೀರು ಒಳಗೆ ನುಗ್ಗುವ ಜಾಗಗಳನ್ನು ಹುಡುಕಿ: ನಾಜಲ್, ಏಣಿಯ ಕ್ಲಿಪ್, ಸ್ಟಿಫ್‌ನರ್ ರಿಂಗ್, ಕ್ಲ್ಯಾಡಿಂಗ್‌ನ (ಇನ್ಸುಲೇಷನ್ ಮೇಲಿನ ತಗಡಿನ) ಒಡೆದ ಸೀಲ್. ತಗಡು ಉಬ್ಬಿದ್ದರೆ ಅಥವಾ ಕಂದು ಕಲೆ ಇಳಿದಿದ್ದರೆ ಅಲ್ಲಿ ಬಿಚ್ಚಿಸಿ. ಒಂದು ಎಚ್ಚರಿಕೆ: ಒತ್ತಡ ತುಂಬಿರುವ ವೆಸೆಲ್‌ಗೆ ಸುತ್ತಿಗೆಯಿಂದ ತಟ್ಟಬೇಡಿ, ದಪ್ಪ ತುಕ್ಕನ್ನು ಕೆರೆಯಲೂ ಬೇಡಿ. ಕೆಲವೊಮ್ಮೆ ಸೋರಿಕೆಯನ್ನು ತಡೆದು ನಿಲ್ಲಿಸಿರುವುದು ಆ ತುಕ್ಕೇ.

ಹೆಜ್ಜೆ 3: ಒಳಗೆ ಇಳಿಯುವ ಮುನ್ನ

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿಯ ತಪ್ಪಿಗೆ ಎರಡನೇ ಅವಕಾಶ ಇರುವುದಿಲ್ಲ.

ವೆಸೆಲ್‌ಗೆ ಬರುವ ಪ್ರತಿ ಲೈನ್ ಬ್ಲೈಂಡ್ (ಪೈಪ್ ಅಡ್ಡಗಟ್ಟುವ ಗಟ್ಟಿ ಪ್ಲೇಟ್) ಹಾಕಿ ಮುಚ್ಚಿರಬೇಕು ಅಥವಾ ಬಿಚ್ಚಿ ಬೇರ್ಪಡಿಸಿರಬೇಕು. ಮುಚ್ಚಿದ ವಾಲ್ವ್ ಒಂದನ್ನೇ ನಂಬಿ ಒಳಗೆ ಹೋಗುವಂತಿಲ್ಲ. ಬ್ಲೈಂಡ್ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದನ್ನೂ ನೀವೇ ನೋಡಿ. ಕಲಕುವ ಮೋಟಾರ್ ಇದ್ದರೆ ವಿದ್ಯುತ್ ಕಡಿದು, ನಿಮ್ಮದೇ ಬೀಗ ಹಾಕಿ, ಕೀಲಿ ಜೇಬಿನಲ್ಲಿ ಇಟ್ಟುಕೊಳ್ಳಿ.

ಗ್ಯಾಸ್ ಪರೀಕ್ಷೆಯಲ್ಲಿ ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಅನಿಲ, ಆಮೇಲೆ ವಿಷಾನಿಲ. ಗಾಳಿಯಲ್ಲಿ ಆಮ್ಲಜನಕ 20.9% ಇರುತ್ತದೆ. 19.5%ಕ್ಕಿಂತ ಕಡಿಮೆ ಅಥವಾ 23.5%ಕ್ಕಿಂತ ಹೆಚ್ಚಿದ್ದರೆ ಪ್ರವೇಶವಿಲ್ಲ. ಹೊತ್ತಿಕೊಳ್ಳುವ ಅನಿಲ ಅದರ ಕೆಳಗಿನ ಸ್ಫೋಟ ಮಿತಿಯ 10% ದಾಟಿರಬಾರದು. ಹಲವು ಕಾರ್ಖಾನೆಗಳು ಇದಕ್ಕಿಂತ ಬಿಗಿಯಾದ ಮಿತಿ ಇಟ್ಟುಕೊಂಡಿರುತ್ತವೆ, ಅದನ್ನೇ ಪಾಲಿಸಿ. ಮ್ಯಾನ್‌ಹೋಲ್ ಬಾಯಲ್ಲಿ ಮಾತ್ರ ಅಳೆದರೆ ಸಾಲದು. ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು, ಏಕೆಂದರೆ ಭಾರವಾದ ಅನಿಲ ತಳದಲ್ಲೇ ಮಲಗಿರುತ್ತದೆ.

ಸಾರಜನಕಕ್ಕೆ ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಬರಿಯ ಸಾರಜನಕವನ್ನು ಒಂದೆರಡು ಬಾರಿ ಉಸಿರೆಳೆದರೆ ಸಾಕು, ಎಚ್ಚರ ತಪ್ಪುತ್ತದೆ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ ಇದೆಯಲ್ಲ ಎಂದು ಮೂಗನ್ನು ನಂಬಬೇಡಿ. ಸುಮಾರು 100 ಪಿಪಿಎಂ ಮೀರಿದರೆ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ, ವಾಸನೆ ಹೋದಾಗ ಅನಿಲ ಹೋಯಿತು ಅನಿಸುತ್ತದೆ. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿರುವುದಿಲ್ಲ: ಬರಿದಾದ, ತೊಳೆದ, ಏನೂ ಇಲ್ಲದ ಟ್ಯಾಂಕನ್ನು ಮುಚ್ಚಿಟ್ಟರೂ ಒದ್ದೆ ಗೋಡೆ ತುಕ್ಕು ಹಿಡಿಯುತ್ತಾ ಒಳಗಿನ ಆಮ್ಲಜನಕವನ್ನು ತಿಂದುಬಿಡುತ್ತದೆ.

ಹೊರಗೆ ಒಬ್ಬ ಕಾವಲುಗಾರ ಇರಲೇಬೇಕು. ಅವನಿಗೆ ಬೇರೆ ಕೆಲಸ ಕೊಡಬಾರದು. ಒಳಗೆ ನೀವು ಬಿದ್ದರೆ ಅವನು ಇಳಿಯಬಾರದು, ಕೂಗಿ ಸಹಾಯ ಕರೆಯಬೇಕು. ಇಂಥ ಜಾಗಗಳಲ್ಲಿ ಸತ್ತವರಲ್ಲಿ ಎಷ್ಟೋ ಜನ ಮೊದಲು ಬಿದ್ದವನನ್ನು ಎತ್ತಲು ಹಾರಿದವರು. ಒಳಗೆ ಹೋಗುವ ಮೊದಲು ಅವನ ಮುಖ ನೋಡಿ ಈ ಮಾತನ್ನು ನೀವೇ ಹೇಳಿ.

ಗಂಧಕ ಇರುವ ಸೇವೆಯಾದರೆ ಒಳಗಿನ ಕಪ್ಪು ಹೊಟ್ಟನ್ನು ಒದ್ದೆಯಾಗಿಯೇ ಇಡಿಸಿ. ಐರನ್ ಸಲ್ಫೈಡ್ ಒಣಗಿ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಹೆಜ್ಜೆ 4: ಒಳಗೆ ಏನು ನೋಡುವುದು

ಜೇಬಿನಲ್ಲಿ ಇರಬೇಕಾದದ್ದು ಟಾರ್ಚ್, ಕೆರೆಯುವ ಚಾಕು, ವೈರ್ ಬ್ರಷ್, ಸಣ್ಣ ಕನ್ನಡಿ, ಅಯಸ್ಕಾಂತ, ಪಿಟ್ ಗೇಜ್, ಚಾಕ್. ಸ್ಟೇನ್‌ಲೆಸ್ ವೆಸೆಲ್‌ಗೆ ಕಾರ್ಬನ್ ಸ್ಟೀಲ್ ಬ್ರಷ್ ತಾಗಿಸಬೇಡಿ. ಮಾರ್ಕರ್ ಕೂಡ ಕ್ಲೋರೈಡ್ ಇಲ್ಲದ್ದೇ ಆಗಬೇಕು.

ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿದರೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಗೆ ಕೆನ್ನೆ ತಾಗಿಸಿದಂತೆ ಓರೆಯಾಗಿ ಹಿಡಿದು ನೋಡಿ. ಪ್ರತಿ ಗುಳಿಯೂ ಒಂದು ನೆರಳು ಚೆಲ್ಲುತ್ತದೆ, ಉಬ್ಬು ಇದ್ದರೆ ಬೆಳಕಿನ ಅಂಚು ಬಾಗುತ್ತದೆ. ಮೊದಲ ಸಲ ಹೀಗೆ ನೋಡಿದಾಗ ಐದು ನಿಮಿಷದ ಹಿಂದೆ ಚೆನ್ನಾಗಿದೆ ಎಂದುಕೊಂಡಿದ್ದ ಗೋಡೆಯ ಮೇಲೆ ಹತ್ತಾರು ಗುಳಿಗಳು ಎದ್ದು ಬಂದವು. ನನ್ನ ಮಟ್ಟಿಗೆ ಈ ವೃತ್ತಿಯ ಅತಿ ದೊಡ್ಡ ಉಪಕರಣ ಓರೆ ಬೆಳಕು.

ಸವೆತ ಎಲ್ಲ ಕಡೆ ಸಮನಾಗಿ ಆಗುವುದಿಲ್ಲ. ದ್ರವ ಮತ್ತು ಆವಿ ಸೇರುವ ಗೆರೆ, ಒಳಬರುವ ನಾಜಲ್‌ನ ಎದುರಿನ ಗೋಡೆ, ನೀರು ನಿಲ್ಲುವ ತಳ, ಡ್ರೈನ್ ಸುತ್ತ, ವೆಲ್ಡ್ ಪಕ್ಕದ ಬಿಸಿ ತಾಗಿದ ಪಟ್ಟಿ, ಸಣ್ಣ ನಾಜಲ್‌ಗಳ ಒಳಮೈ ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಬಿರುಕಿನ ಅನುಮಾನ ಬಂದರೆ ಕಣ್ಣು ಸಾಲದು. ಕಾರ್ಬನ್ ಸ್ಟೀಲ್‌ಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್, ಅಯಸ್ಕಾಂತಕ್ಕೆ ಅಂಟದ ಸ್ಟೇನ್‌ಲೆಸ್‌ಗೆ ಡಿಪಿ ಟೆಸ್ಟ್ (ಬಿರುಕಿಗೆ ಇಳಿಯುವ ಬಣ್ಣದ ದ್ರವದ ಪರೀಕ್ಷೆ) ಬರೆಯಿರಿ. ಕಂಡದ್ದಕ್ಕೆಲ್ಲ ಚಾಕ್‌ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಉತ್ತರ ದಿಕ್ಕನ್ನು ಸೊನ್ನೆ ಡಿಗ್ರಿ ಎಂದಿಟ್ಟು, ಎಷ್ಟು ಡಿಗ್ರಿಯಲ್ಲಿ, ಕೆಳಗಿನ ವೆಲ್ಡ್‌ನಿಂದ ಎಷ್ಟು ಎತ್ತರದಲ್ಲಿ ಎಂದು ಬರೆಯಿರಿ. "ಮ್ಯಾನ್‌ಹೋಲ್ ಹತ್ತಿರ ಗುಳಿ" ಎಂದು ಬರೆದರೆ ಐದು ವರ್ಷದ ನಂತರ ಬರುವವನಿಗೆ ಅದು ಸಿಗುವುದಿಲ್ಲ.

ಹೆಜ್ಜೆ 5: ದಪ್ಪ ಅಳೆಯುವುದು

ಅಲ್ಟ್ರಾಸಾನಿಕ್ ಗೇಜ್ ಅಳೆಯುವುದು ಸಮಯವನ್ನು. ಶಬ್ದ ಹಿಂದಿನ ಗೋಡೆಗೆ ಬಡಿದು ಮರಳಲು ಹಿಡಿದ ಹೊತ್ತನ್ನು ಅದು ವೇಗದಿಂದ ಗುಣಿಸಿ ದಪ್ಪವಾಗಿ ತೋರಿಸುತ್ತದೆ. ಕಾರ್ಬನ್ ಸ್ಟೀಲ್‌ನಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಬಣ್ಣದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ 0.3 ಮಿ.ಮೀ. ಬಣ್ಣ ಗೇಜ್ ಕಣ್ಣಿಗೆ ಸುಮಾರು 0.7 ಮಿ.ಮೀ. ಲೋಹದಂತೆ ಕಾಣುತ್ತದೆ. ನನ್ನ 12.9ರ ಗುಟ್ಟು ಅದೇ. ಬಣ್ಣ ಕೆರೆಯಿರಿ, ಇಲ್ಲವೇ ಎಕೋ ಟು ಎಕೋ ಸೌಲಭ್ಯವಿರುವ (ಎರಡು ಪ್ರತಿಧ್ವನಿಗಳ ನಡುವಿನ ಹೊತ್ತು ಅಳೆದು ಬಣ್ಣವನ್ನು ಬಿಟ್ಟುಬಿಡುವ) ಗೇಜ್ ಬಳಸಿ.

ಪ್ರತಿ ದಿನ ಶುರುವಿನಲ್ಲಿ ಅದೇ ಲೋಹದ ಸ್ಟೆಪ್ ಬ್ಲಾಕ್ (ದಪ್ಪ ಗೊತ್ತಿರುವ ಮೆಟ್ಟಿಲುಗಳ ತುಂಡು) ಮೇಲೆ ಕ್ಯಾಲಿಬ್ರೇಟ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ ನೋಡಿ. ಬಿಸಿ ಗೋಡೆಯಲ್ಲಿ ಶಬ್ದ ನಿಧಾನವಾಗುವುದರಿಂದ ದಪ್ಪ ಹೆಚ್ಚು ತೋರುತ್ತದೆ, ತಾಪಮಾನ ಏರುವ ಪ್ರತಿ 55 ಡಿಗ್ರಿಗೆ ಸುಮಾರು 1%ದಷ್ಟು. ಎರಡು ಮೂರು ಮಿ.ಮೀ.ಗಿಂತ ತೆಳುವಾದ ಜಾಗದಲ್ಲಿ ಕೆಲವು ಗೇಜ್‌ಗಳು ದುಪ್ಪಟ್ಟು ತೋರಿಸಿಬಿಡುತ್ತವೆ. 8 ಮಿ.ಮೀ. ಪೈಪ್ ಎಲ್ಲ ಕಡೆ 7.5 ಇದ್ದು ಒಂದೇ ಜಾಗದಲ್ಲಿ 3.6 ಬಂದರೆ, ಅದು 1.8 ಇರಬಹುದೇ ಎಂದೂ ಯೋಚಿಸಿ.

ಹೆಜ್ಜೆ 6: ಲೆಕ್ಕ

ಸಿಲಿಂಡರ್ ಆಕಾರದ ಶೆಲ್‌ಗೆ ಬೇಕಾದ ಕನಿಷ್ಠ ದಪ್ಪವನ್ನು ಕಂಡುಹಿಡಿಯಲು ಒತ್ತಡವನ್ನು ಒಳ ತ್ರಿಜ್ಯದಿಂದ ಗುಣಿಸಿ. ಲೋಹದ ಅನುಮತಿತ ಸ್ಟ್ರೆಸ್ಸನ್ನು (ಲೋಹದೊಳಗೆ ಇರಬಹುದಾದ ಗರಿಷ್ಠ ಸೆಳೆತ) ವೆಲ್ಡ್ ದಕ್ಷತೆಯಿಂದ (ವೆಲ್ಡನ್ನು ಎಷ್ಟು ನಂಬಬಹುದು ಎಂಬ ಅಂಕಿ) ಗುಣಿಸಿ, ಅದರಿಂದ ಒಳಗಿನ ಒತ್ತಡದ 0.6 ಪಾಲನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಒಂದು ಉದಾಹರಣೆ. ಒತ್ತಡ 1.5 ಮೆಗಾಪ್ಯಾಸ್ಕಲ್, ತ್ರಿಜ್ಯ 750 ಮಿ.ಮೀ., ಅನುಮತಿತ ಸ್ಟ್ರೆಸ್ 138 ಮೆಗಾಪ್ಯಾಸ್ಕಲ್, ಸ್ಪಾಟ್ ರೇಡಿಯೋಗ್ರಫಿ (ವೆಲ್ಡ್‌ನ ಕೆಲವು ಕಡೆ ಮಾತ್ರ ಎಕ್ಸ್‌ರೇ) ಆಗಿರುವುದರಿಂದ ವೆಲ್ಡ್ ದಕ್ಷತೆ 0.85. ಮೇಲೆ 1,125, ಕೆಳಗೆ 117.3ರಿಂದ 0.9 ಕಳೆದರೆ 116.4. ಬೇಕಾದ ದಪ್ಪ 9.66 ಮಿ.ಮೀ.

ಈಗ ಅಳತೆ 12.3. ಆರು ವರ್ಷದ ಹಿಂದೆ 13.2. ಹತ್ತು ವರ್ಷದ ಹಿಂದೆ, ಹೊಸದಿದ್ದಾಗ, 14.0. ಇತ್ತೀಚಿನ ಸವೆತ ವರ್ಷಕ್ಕೆ 0.15, ಒಟ್ಟಾರೆ ಸವೆತ 0.17. ಉಳಿದಿರುವುದು 2.64 ಮಿ.ಮೀ. ಮೊದಲ ವೇಗ ಹಿಡಿದರೆ ಆಯುಸ್ಸು 17.6 ವರ್ಷ, ಎರಡನೆಯದರಲ್ಲಿ 15.5 ವರ್ಷ. ಎಪಿಐ 510 ಹೇಳುವುದು, ಒಳ ತಪಾಸಣೆಯ ಅಂತರ ಉಳಿದ ಆಯುಸ್ಸಿನ ಅರ್ಧವನ್ನಾಗಲಿ 10 ವರ್ಷವನ್ನಾಗಲಿ ಮೀರಬಾರದು, ಯಾವುದು ಕಡಿಮೆಯೋ ಅದು. ನಾನಾಗಿದ್ದರೆ ಸವೆತ ಕಡಿಮೆಯಾದದ್ದು ಏಕೆ ಎಂದು ಕಾರಣ ಸಿಗುವವರೆಗೂ 0.17 ಹಿಡಿದು ಏಳೂ ಮುಕ್ಕಾಲು ವರ್ಷ ಎಂದೇ ಬರೆಯುತ್ತಿದ್ದೆ.

ಹೆಜ್ಜೆ 7: ಟ್ಯಾಂಕ್‌ಗೆ ಬಂದಾಗ

ದೊಡ್ಡ ಸಂಗ್ರಹ ಟ್ಯಾಂಕ್ ನೋಡಲು ಗಟ್ಟಿ, ಸ್ವಭಾವದಲ್ಲಿ ನಾಜೂಕು. ದ್ರವದ ಭಾರ ಹೊರುವ ಶಕ್ತಿ ಇದೆ, ಒಳಕ್ಕೆ ಎಳೆಯುವ ನಿರ್ವಾತ ತಡೆಯುವ ಶಕ್ತಿ ಇಲ್ಲ. ಎಪಿಐ 650ರ ಸಾಮಾನ್ಯ ಟ್ಯಾಂಕ್ ಸುಮಾರು 25 ಮಿ.ಮೀ. ನೀರಿನ ಎತ್ತರದಷ್ಟು ನಿರ್ವಾತಕ್ಕೆ ಮಾತ್ರ ತಯಾರಿರುತ್ತದೆ. ಕಡಿಮೆ ಅನಿಸಬಹುದು. ಆದರೆ 10 ಮೀಟರ್ ಅಗಲದ ಛಾವಣಿಯ ಮೇಲೆ ಅದೇ ಸುಮಾರು 2 ಟನ್ ಭಾರ. ಬಣ್ಣ ಹೊಡೆಯುವಾಗ ವೆಂಟ್‌ಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆತು ಪಂಪ್ ಓಡಿಸಿದರೆ ಟ್ಯಾಂಕ್ ಕಾಗದದ ಲೋಟದಂತೆ ನಜ್ಜುಗುಜ್ಜಾಗುತ್ತದೆ. ಹಾಗಾಗಿ ತಿಂಗಳ ಸುತ್ತಿನಲ್ಲಿ ವೆಂಟ್ ಮೊದಲು. ಜಾಲರಿಗೆ ಗೂಡು, ಮೇಣ, ಧೂಳು ಕಟ್ಟಿದೆಯೇ ನೋಡಿ.

ಛಾವಣಿಯ ಪ್ಲೇಟ್ ಎಲ್ಲಿ ತೆಳುವಾಗಿದೆ ಎಂದು ತಿಳಿಯದೆ ಕಾಲಿಡಬೇಡಿ. ಕೆಳಗೆ ರಾಫ್ಟರ್ ಇರುವ ಗೆರೆಯ ಮೇಲೇ ನಡೆಯಿರಿ. ತಳದ ಪ್ಲೇಟ್ ಹೊರಗೆ ಚಾಚಿರುವ ಅಂಚಿನಲ್ಲಿ ನೀರು ನಿಲ್ಲುತ್ತದೆಯೇ, ಮಣ್ಣು ಮುಚ್ಚಿಕೊಂಡಿದೆಯೇ, ಟ್ಯಾಂಕ್ ಒಂದು ಕಡೆ ಕುಸಿದಿದೆಯೇ ಗಮನಿಸಿ. ಒಳಗೆ ಹೋದಾಗ ಶೆಲ್‌ನಿಂದ 75 ಮಿ.ಮೀ. ಒಳಗಿನ ತಳದ ಪಟ್ಟಿ ಅತಿ ಮುಖ್ಯ, ಶೆಲ್‌ನ ಬಾಗುವ ಬಲ ಅಲ್ಲಿ ಬೀಳುತ್ತದೆ. ತಳದ ಪ್ಲೇಟ್ ಮೇಲಿನಿಂದ ಚೆನ್ನಾಗಿ ಕಂಡರೂ ಮಣ್ಣಿನ ಕಡೆಯಿಂದ ತಿಂದುಹೋಗಿರಬಹುದು. ಅದನ್ನು ಕಾಂತೀಯ ಫ್ಲೋರ್ ಸ್ಕ್ಯಾನರ್‌ನಿಂದ ಹುಡುಕಿ, ಅಲ್ಟ್ರಾಸಾನಿಕ್‌ನಿಂದ ಖಚಿತಪಡಿಸಿಕೊಳ್ಳುತ್ತಾರೆ. ಸೋರಿಕೆ ಪತ್ತೆ ವ್ಯವಸ್ಥೆ ಇಲ್ಲದ ತಳ ಮುಂದಿನ ತಪಾಸಣೆಯ ಹೊತ್ತಿಗೂ 2.5 ಮಿ.ಮೀ. ಉಳಿದಿರಬೇಕು.

ಸಣ್ಣ ಸೋರಿಕೆಗೆ ಬಣ್ಣ ಬಳಿಯಲು ಯಾರಾದರೂ ಹೇಳಿದರೆ ಬಾಸ್ಟನ್ ನೆನಪಿಡಿ. ಅಲ್ಲಿಯ ಕಾಕಂಬಿ ಟ್ಯಾಂಕ್ ಶುರುವಿನಿಂದಲೇ ಸೋರುತ್ತಿತ್ತು. ಸೋರಿಕೆ ಕಾಣದಿರಲೆಂದು ಅದಕ್ಕೆ ಕಂದು ಬಣ್ಣ ಬಳಿದರು. 1919ರ ಜನವರಿ 15ರಂದು ಅದು ಒಡೆದು 21 ಜನ ಸತ್ತರು.

ಹೆಜ್ಜೆ 8: ಸೇಫ್ಟಿ ವಾಲ್ವ್

ಟ್ಯಾಗ್‌ನಲ್ಲಿರುವ ಸೆಟ್ ಪ್ರೆಷರ್ ವೆಸೆಲ್‌ನ ಅನುಮತಿತ ಒತ್ತಡವನ್ನು ಮೀರಬಾರದು. ಒಂದೇ ವಾಲ್ವ್ ಇರುವ ಕಡೆ ನೋಡಬೇಕಾದ ಮೊದಲ ಸಂಗತಿ ಇದು. ಸೀಲ್ ತಂತಿ ಅಖಂಡವಾಗಿರಲಿ. ಕೆಳಗೆ ಐಸೊಲೇಷನ್ ವಾಲ್ವ್ ಇದ್ದರೆ ಅದು ತೆರೆದ ಸ್ಥಿತಿಯಲ್ಲಿ ಬೀಗ ಬಿದ್ದಿರಲಿ. ಹೊರಹೋಗುವ ಪೈಪ್‌ನಲ್ಲಿ ನೀರು ಬಸಿಯುವ ತೂತು ಮುಚ್ಚಿರಬಾರದು. ಟೆಸ್ಟ್‌ಗೆಂದು ಬಿಚ್ಚಿದಾಗ ಒಳಬಾಯಿಗೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ಗಟ್ಟಿ ಕಟ್ಟಿಕೊಂಡಿದ್ದರೆ ಶಾಪ್‌ನಲ್ಲಿ ತೊಳೆದು ಟೆಸ್ಟ್ ಪಾಸ್ ಆದ ವಾಲ್ವ್ ಕೂಡ ಇಷ್ಟು ದಿನ ಕೆಲಸ ಮಾಡುತ್ತಿರಲಿಲ್ಲ ಎಂದರ್ಥ.

ಹೆಜ್ಜೆ 9: ರಿಪೇರಿ, ಹೈಡ್ರೋ ಟೆಸ್ಟ್

ವೆಸೆಲ್ ಮೇಲೆ ಒಂದು ಕ್ಲಿಪ್ ಬೆಸೆಯುವುದೂ ರಿಪೇರಿಯೇ. ಅಧಿಕೃತ ಇನ್‌ಸ್ಪೆಕ್ಟರ್ ಒಪ್ಪಿಗೆ, ಅರ್ಹತೆ ಪಡೆದ ವೆಲ್ಡಿಂಗ್ ವಿಧಾನ, ಅರ್ಹ ವೆಲ್ಡರ್ ಈ ಮೂರೂ ಇಲ್ಲದೆ ಆರ್ಕ್ ಹೊತ್ತಿಸಬಾರದು. 1984ರ ಜುಲೈ 23ರಂದು ಅಮೆರಿಕದ ರೋಮಿಯೋವಿಲ್ ತೈಲ ಸಂಸ್ಕರಣಾಗಾರದಲ್ಲಿ ಅಮೈನ್ ಟವರ್ (ಅನಿಲದಿಂದ ಹೈಡ್ರೋಜನ್ ಸಲ್ಫೈಡ್ ತೆಗೆಯುವ ಗೋಪುರ) ಒಡೆದು 17 ಜನ ಸತ್ತರು. ಶೆಲ್‌ನ ಒಂದು ಭಾಗವನ್ನು ಬದಲಿಸಿ ಬೆಸೆದ ಜಾಗದ ಪಕ್ಕ ಲೋಹ ಗಡಸಾಗಿ, ಹೈಡ್ರೋಜನ್‌ನಿಂದ ಬಿರುಕು ಬೆಳೆದಿತ್ತು. ಬೆಸುಗೆಯ ನಂತರದ ಶಾಖೋಪಚಾರ ಆಗಿರಲಿಲ್ಲ.

ಎಎಸ್‌ಎಂಇ ಸೆಕ್ಷನ್ 8ರ ಇಂದಿನ ಲೆಕ್ಕದಲ್ಲಿ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ಒತ್ತಡ ಅನುಮತಿತ ಒತ್ತಡದ 1.3 ಪಟ್ಟು, ಅದಕ್ಕೆ ತಾಪಮಾನದ ತಿದ್ದುಪಡಿ ಸೇರುತ್ತದೆ. ಹಳೆಯ ವೆಸೆಲ್‌ಗಳಲ್ಲಿ 1.5 ಪಟ್ಟು ಇದ್ದೀತು, ತಯಾರಾದ ವರ್ಷ ನೋಡಿ. ಲೋಹದ ತಾಪಮಾನ ಕನಿಷ್ಠ ವಿನ್ಯಾಸ ತಾಪಮಾನಕ್ಕಿಂತ 17 ಡಿಗ್ರಿಯಾದರೂ ಮೇಲಿರಲಿ, ತಣ್ಣಗಿನ ಉಕ್ಕು ಗಾಜಿನಂತೆ ಒಡೆಯುತ್ತದೆ. ಸಪೋರ್ಟ್ ತುಂಬಿದ ನೀರಿನ ಭಾರ ಹೊರುತ್ತದೆಯೇ ಎಂದು ಡ್ರಾಯಿಂಗ್‌ನಲ್ಲಿ ಮೊದಲೇ ನೋಡಿ. ತುದಿಯ ವೆಂಟ್‌ನಿಂದ ಗಾಳಿ ಪೂರ್ತಿ ಹೊರಹೋಗಲಿ. ಒತ್ತಡ ಏರುತ್ತಿರುವಾಗ ಹತ್ತಿರ ಯಾರೂ ಬೇಡ. ಟೆಸ್ಟ್ ಒತ್ತಡ ತಲುಪಿದ ಮೇಲೆ ಅದನ್ನು 1.3ರಿಂದ ಭಾಗಿಸಿದ ಮಟ್ಟಕ್ಕೆ ಇಳಿಸಿ, ಆಮೇಲೆ ಹತ್ತಿರ ಹೋಗಿ ವೆಲ್ಡ್‌ಗಳನ್ನು ನೋಡಿ. ನೀರು ಖಾಲಿ ಮಾಡುವಾಗ ವೆಂಟ್ ತೆರೆಯುವುದನ್ನು ಮರೆಯಬೇಡಿ.

ನೀರಿನ ಬದಲು ಗಾಳಿಯಲ್ಲಿ ಟೆಸ್ಟ್ ಮಾಡೋಣ, ಬೇಗ ಆಗುತ್ತೆ ಎಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ, ಮೇಲಿನವರಿಗೆ ಒಯ್ಯಿರಿ. ಅದೇ ಒತ್ತಡದಲ್ಲಿ ಗಾಳಿ ಹಿಡಿದಿಡುವ ಶಕ್ತಿ ನೀರಿಗಿಂತ ನೂರಾರು ಪಟ್ಟು ಹೆಚ್ಚು.

ಹೆಜ್ಜೆ 10: ಮುಚ್ಚುವುದು, ಬರೆಯುವುದು

ಒಳಗೆ ಹೋದ ಉಪಕರಣಗಳನ್ನು ಎಣಿಸಿ, ಜನರನ್ನೂ ಎಣಿಸಿ. ಮ್ಯಾನ್‌ಹೋಲ್‌ಗೆ ಹೊಸ ಗ್ಯಾಸ್ಕೆಟ್, ಡ್ರಾಯಿಂಗ್‌ನಲ್ಲಿ ಹೇಳಿದ ದರ್ಜೆಯದ್ದೇ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸುಮಾರು 30%, 70%, 100% ಎಂದು ಮೂರು ಸುತ್ತಿನಲ್ಲಿ ಬಿಗಿದು, ಕೊನೆಗೆ ಸುತ್ತಲೂ ಒಂದು ಸುತ್ತು. ಬ್ಲೈಂಡ್ ಪಟ್ಟಿ ಹಿಡಿದು ಹಾಕಿದಷ್ಟೂ ಹೊರಬಂದವೇ ನೋಡಿ.

ವರದಿ ಅದೇ ದಿನ ಬರೆಯಿರಿ. ಏನು ಕಂಡಿತು, ಎಲ್ಲಿ, ಯಾವ ಗೇಜ್‌ನಿಂದ, ಬಣ್ಣದ ಮೇಲೋ ಬರಿ ಲೋಹದ ಮೇಲೋ ಎಲ್ಲವೂ ಇರಲಿ. ನೋಡಲಾಗದ ಜಾಗಗಳನ್ನೂ ಬರೆಯಿರಿ: "ಟ್ರೇ 6ರ ಕೆಳಗೆ ತಲುಪಲಾಗಲಿಲ್ಲ." ಹೀಗೆ ಬರೆಯಲು ಹೊಸಬರು ಹಿಂಜರಿಯುತ್ತಾರೆ. ಆದರೆ ಮುಂದಿನ ಶಟ್‌ಡೌನ್‌ನಲ್ಲಿ ಟ್ರೇ ಬಿಚ್ಚಿಸಲು ಹಣ, ಸಮಯ ಸಿಗುವುದು ಆ ಒಂದು ಸಾಲಿನಿಂದ.

ವೆಸೆಲ್ ಮತ್ತೆ ಬಿಸಿಯಾಗಿ ಒತ್ತಡಕ್ಕೆ ಬಂದ ಮೇಲೆ ಇನ್ನೊಂದು ಸುತ್ತು ಬನ್ನಿ. ಬಿಚ್ಚಿದ್ದ ಪ್ರತಿ ಫ್ಲೇಂಜ್, ಪ್ಯಾಡ್ ತೂತು, ಜಾರುವ ಸ್ಯಾಡಲ್ ನೋಡಿ. ಸ್ಯಾಡಲ್ ಎಷ್ಟು ಮಿ.ಮೀ. ಸರಿದಿದೆ ಎಂದು ಅಳೆದು, ದಿನಾಂಕ ಹಾಕಿ, ಅದನ್ನೂ ಕಡತಕ್ಕೆ ಸೇರಿಸಿ.